‘ತಪ್ಪಾಯ್ತು ಸ್ವಾಮಿ’ ಅನ್ನುವ ಮುಂಚೆ...

ಕನ್ನಡದ ಯುವಕರೇ,

ಕಮರ್ಷಿಯಲ್ ಸ್ಟ್ರೀಟ್‌ನಲ್ಲಿ ನಡೆದ ಒಂದು ತಳ್ಳಾಟಕ್ಕೂ ಮಲೆನಾಡಿನ ಒಂದು ಮನೆಯ ಗೋಡೆಗೆ ತೂಗುಹಾಕಿದ ಕೋವಿಗೂ ಏನು ಸಂಬಂಧ? ಏನೂ ಇಲ್ಲ ಅಂತ ನಾನೂ ತಿಳಿದಿದ್ದೆ. ನಮ್ಮ ಪ್ರೆಸ್ಸಿಗೆ ಕರಪತ್ರ ಹಾಕಿಸಲು ಬರುತ್ತಿದ್ದ ಒಬ್ಬ ಹುಡುಗ ಕಣ್ಣು ತೆರೆಸಿದ.

ಊರಲ್ಲಿ ಅವನ ತಂದೆಗೆ ಎರಡು ಎಕರೆ ಅಡಿಕೆ, ಒಂದಿಷ್ಟು ಗದ್ದೆ. ಮಂಗ, ಕಾಡುಹಂದಿ ಹೆದರಿಸಲು ಲೈಸೆನ್ಸ್ ಇದ್ದ ಒಂಟಿ ನಳಿಕೆ ಕೋವಿ. ಹುಡುಗನಿಗೆ ಬೆಂಗಳೂರಲ್ಲಿ ಕೆಲಸ. ಒಂದು ನವೆಂಬರ್‌ನಲ್ಲಿ ಗೆಳೆಯರ ಜೊತೆ ಸೇರಿ ಒಂದು ಅಂಗಡಿಯ ಮುಂದೆ ‘ಕನ್ನಡ ಬೋರ್ಡ್ ಹಾಕಿ’ ಎಂದು ಕೂಗಿದ. ಮಾತಿಗೆ ಮಾತು ಬೆಳೆಯಿತು. ಬಾಗಿಲು ಕಾಯುವವನಿಗೆ ಏಟು ಬಿತ್ತು, ತುಟಿ ಒಡೆಯಿತು. ಮೂರು ದಿನ ಜೈಲು, ಆಮೇಲೆ ಜಾಮೀನು, ಆಮೇಲೆ ಎರಡು ವರ್ಷ ಕೋರ್ಟಿಗೆ ಅಲೆದಾಟ. ಯಾರೋ ಕಿವಿಯಲ್ಲಿ ಹೇಳಿದರು: “ಒಪ್ಕೊಂಡ್ಬಿಡೋ, ಇವತ್ತೇ ಮುಗಿಯುತ್ತೆ.” ಇವನು “ತಪ್ಪಾಯ್ತು ಸ್ವಾಮಿ” ಅಂದ. ಮೂರು ದಿನದ ಸಜೆ, ಒಂದಿಷ್ಟು ದಂಡ. ಜೈಲಿನಲ್ಲಿ ಕಳೆದಿದ್ದ ಮೂರು ದಿನವನ್ನೇ ಸಜೆಗೆ ಲೆಕ್ಕ ಹಿಡಿದರು. ಸಂಜೆ ಪ್ರೆಸ್ಸಿಗೆ ಬಂದು ಎಲ್ಲರಿಗೂ ಟೀ ಕೊಡಿಸಿದ.

ಮರುವರ್ಷ ತಂದೆ ತೀರಿಕೊಂಡರು. ವಾರಸುದಾರನಾಗಿ ಕೋವಿಯ ಲೈಸೆನ್ಸಿಗೆ ಅರ್ಜಿ ಹಾಕಿದ. ಅರ್ಜಿ ವಜಾ! ಆರ್ಡರ್ ಹಿಡಿದುಕೊಂಡು ನನ್ನ ಹತ್ತಿರ ಬಂದ. “ಅಣ್ಣಾ, ಇದರಲ್ಲಿ ಏನು ಬರೆದಿದ್ದಾರೆ?” ಎರಡು ಪುಟ, ಪೂರ್ತಿ ಇಂಗ್ಲಿಷ್. ಪಿಯುಸಿ ಓದಿದ ನನಗೂ ಅದು ಕಬ್ಬಿಣದ ಕಡಲೆ. ಪರಿಚಯದ ವಕೀಲರೊಬ್ಬರು ಬಿಡಿಸಿ ಹೇಳಿದರು. ಅದನ್ನೇ ನಿಮಗೆ ಹೇಳುತ್ತಿದ್ದೇನೆ.

1959ರ ಶಸ್ತ್ರಾಸ್ತ್ರ ಕಾಯ್ದೆಯ 9ನೇ ಕಲಂ ಓದಿ. ಹಿಂಸೆ ಅಥವಾ ನೈತಿಕ ಅಧಃಪತನದ ಅಪರಾಧದಲ್ಲಿ ಸಜೆಯಾದವನು, ಆ ಸಜೆ ಎಷ್ಟೇ ದಿನದ್ದಾಗಿರಲಿ, ಅದು ಮುಗಿದ ಮೇಲೆ ಐದು ವರ್ಷ ಕೋವಿ ಇಟ್ಟುಕೊಳ್ಳುವಂತಿಲ್ಲ. ಮೂರು ದಿನವೂ ಸಜೆಯೇ, ಮೂರು ವರ್ಷವೂ ಸಜೆಯೇ! ಇನ್ನೊಂದು ಮಾತೂ ಅಲ್ಲೇ ಇದೆ. ಶಾಂತಿ ಕಾಪಾಡುತ್ತೇನೆಂದು ಬಾಂಡ್ ಬರೆದುಕೊಡಲು ಆದೇಶವಾದವನಿಗೆ ಆ ಬಾಂಡ್ ಮುಗಿಯುವವರೆಗೆ ಕೋವಿ ಇಲ್ಲ. ಚಳವಳಿಯ ಹುಡುಗರಿಗೆ ‘107 ಕೇಸು’ ಅಂದರೆ ಗೊತ್ತು. 2024ರ ಜುಲೈ 1ರಿಂದ ಅದು ಹೊಸ ಸಂಹಿತೆಯ 126ನೇ ಕಲಂ. ಅಲ್ಲಿ ಅಪರಾಧವೂ ಸಾಬೀತಾಗಿರುವುದಿಲ್ಲ, ಶಿಕ್ಷೆಯೂ ಆಗಿರುವುದಿಲ್ಲ. ಬರೀ ಒಂದು ಬಾಂಡ್, ಹೆಚ್ಚೆಂದರೆ ಒಂದು ವರ್ಷದ್ದು. ಅಷ್ಟಕ್ಕೇ ಕೋವಿ ಹೋಯಿತು.

ಹಾಗಾದರೆ ಕಾನೂನೇ ತಪ್ಪೇ? ಪೂರ್ತಿ ತಪ್ಪು ಎಂದು ನಾನು ಹೇಳಲಾರೆ. ಮನೆಮನೆಯಲ್ಲಿ ಕೋವಿ ಇರುವ ಅಮೆರಿಕದಲ್ಲೇ 1996ರಲ್ಲಿ ಒಂದು ಕಾನೂನು ಬಂತು. ಹೆಂಡತಿಗೆ ಹೊಡೆದು ಸಣ್ಣ ಕೇಸಿನಲ್ಲಿ ಶಿಕ್ಷೆಯಾದವನೂ ಕೋವಿ ಮುಟ್ಟುವಂತಿಲ್ಲ. ಸರಿಯಾಗಿಯೇ ಇದೆ. ಕೈ ಎತ್ತುವವನ ಕೈಗೆ ಕೋವಿ ಯಾಕೆ? ನಮ್ಮ ಹುಡುಗನ ಕೇಸಿನಲ್ಲಿ ಏಟು ತಿಂದ ಕಾವಲುಗಾರ ಯಾರು ಗೊತ್ತೇ? ರಾಯಚೂರು ಕಡೆಯಿಂದ ಹೊಟ್ಟೆಪಾಡಿಗೆ ಬಂದ ಕನ್ನಡದವನೇ! ಬೋರ್ಡ್ ಬರೆಸಿದ ಮಾಲೀಕ ಏಸಿ ರೂಮಿನಲ್ಲಿ ಕೂತಿದ್ದ. ಏಟು ಬಿದ್ದದ್ದು ನಮ್ಮವನಿಗೆ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ನನ್ನ ಸಿಟ್ಟು ಬೇರೆ. ಹಕ್ಕು ಕಿತ್ತುಕೊಳ್ಳುವ ಸರ್ಕಾರ ಅದನ್ನು ನನ್ನ ಭಾಷೆಯಲ್ಲಿ ಹೇಳಿ ಕಿತ್ತುಕೊಳ್ಳಲಿ!

ಶಾಲೆಯಲ್ಲಿ ಹಲಗಲಿ ಬೇಡರ ಲಾವಣಿ ಓದಿದ್ದು ನೆನಪಿದೆಯೇ? 1857ರಲ್ಲಿ ಕಂಪನಿ ಸರ್ಕಾರ ಹತಾರ ಒಪ್ಪಿಸಿ ಅಂದಿತು. ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ. ಊರಿಗೆ ಬೆಂಕಿ ಬಿತ್ತು, ಹಲವರು ಗಲ್ಲಿಗೇರಿದರು. ನಾಲ್ಕೇ ವರ್ಷಕ್ಕೆ, 1861ರಲ್ಲಿ, ಅದೇ ಬ್ರಿಟಿಷರ ಕಮಿಷನರ್ ಮಾರ್ಕ್ ಕಬ್ಬನ್ ಕೊಡಗರಿಗೆ ಆ ಕಾನೂನಿನಿಂದ ವಿನಾಯಿತಿ ಕೊಟ್ಟ. ಕಮರ್ಷಿಯಲ್ ಸ್ಟ್ರೀಟ್‌ನಿಂದ ನಡೆದುಹೋಗುವಷ್ಟು ದೂರದಲ್ಲಿರುವ ಕಬ್ಬನ್ ರಸ್ತೆ ಅವನ ಹೆಸರಿನದೇ. ಕೊಡವರ ವಿನಾಯಿತಿ ಇಂದಿಗೂ ಇದೆ. 2021ರಲ್ಲಿ ನಮ್ಮ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೊಡುವವನೂ ದೊರೆ, ಕಿತ್ತುಕೊಳ್ಳುವವನೂ ದೊರೆ. ಅಂದು ದೊರೆಯ ಭಾಷೆ ಇಂಗ್ಲಿಷ್. ಇಂದು? ಕೋವಿಯ ಕಾಯ್ದೆ, ನಿಯಮ ಕೇಂದ್ರದ ಗೆಜೆಟ್ಟಿನಲ್ಲಿ ಹಿಂದಿ, ಇಂಗ್ಲಿಷಿನಲ್ಲಿ ಅಚ್ಚಾಗುತ್ತವೆ. ಅಡಿಕೆ ತೋಟದ ರೈತ ಯಾವುದನ್ನು ಓದಬೇಕು ಸ್ವಾಮಿ? ಆಡಳಿತ ಭಾಷೆ ಕನ್ನಡ ಎಂದು 1963ರಲ್ಲೇ ಕಾಯ್ದೆಯಾದ ರಾಜ್ಯದಲ್ಲಿ ಲೈಸೆನ್ಸ್ ವಜಾದ ಆರ್ಡರ್ ಇಂಗ್ಲಿಷಿನಲ್ಲಿ ಬರುತ್ತದೆ ಎಂದರೆ ಅದು ಯಾರ ನಾಚಿಕೆಗೇಡು?

ಇನ್ನು ನಿಮ್ಮ ಕೈಯಲ್ಲೇ ಇರುವ ಮಾತು. 2023ರ ಡಿಸೆಂಬರ್ 27ರಂದು ಬೋರ್ಡಿಗಾಗಿ ಈ ನಗರದಲ್ಲಿ ಎಷ್ಟು ಜನ ಬಂಧನಕ್ಕೊಳಗಾದರು, ನೀವೇ ನೋಡಿದ್ದೀರಿ. ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಎಂಬ ಕಾನೂನು 2024ರಲ್ಲಿ ಬಂತು. ಹೋರಾಟ ಗೆದ್ದಿತು, ಸಂತೋಷ. ಹೋರಾಟದ ಕೇಸುಗಳಲ್ಲಿ ಕಟಕಟೆ ಹತ್ತುವವರು ಇದನ್ನು ನೆನಪಿಡಿ.

ಸಣ್ಣ ಕೇಸಿನಲ್ಲಿ ಆರೋಪಿ ತಪ್ಪೊಪ್ಪಿಕೊಂಡರೆ, ಸಾಧ್ಯವಾದಷ್ಟು ಅವನದೇ ಮಾತಿನಲ್ಲಿ ಅದನ್ನು ದಾಖಲಿಸಬೇಕು ಎನ್ನುತ್ತದೆ ಕಾನೂನು. ಹಳೆಯ ಸಂಹಿತೆಯ 252ನೇ ಕಲಂ, ಹೊಸದರ 275. ನಿಮ್ಮ ಮಾತು ಕನ್ನಡ. “ನಾನು ತಳ್ಳಿದ್ದು ನಿಜ, ಹೊಡೆದಿಲ್ಲ” ಅಂದರೆ ಅದನ್ನೇ ಬರೆಯಬೇಕು. ಏನು ಬರೆದರೆಂದು ಓದಿಸಿ ಕೇಳಿ. ಒಮ್ಮೆ ಒಪ್ಪಿಕೊಂಡ ಮೇಲೆ, ಸಜೆ ಹೆಚ್ಚಾಯಿತು ಅಥವಾ ಕಾನೂನಿಗೆ ವಿರುದ್ಧವಾಯಿತು ಎಂದಷ್ಟೇ ಅಪೀಲು. ಬರೀ ದಂಡವಾದರೆ 9ನೇ ಕಲಂ ನೇರವಾಗಿ ಬೀಳುವುದಿಲ್ಲ, ಸಜೆಯಾದರೆ ಬೀಳುತ್ತದೆ. 1958ರ ಪ್ರೊಬೇಷನ್ ಕಾಯ್ದೆಯಡಿ ಬಿಟ್ಟುಕಳಿಸಿದರೆ, ಶಿಕ್ಷೆಯಿಂದ ಬರುವ ಅನರ್ಹತೆ ತಟ್ಟದು ಎಂದು ಅದರ 12ನೇ ಕಲಂ ಹೇಳುತ್ತದೆ. ಅದನ್ನು ಕೇಳಿ ಎಂದು ನಿಮ್ಮ ವಕೀಲರಿಗೆ ಹೇಳಿ. ವಕೀಲರಿಡಲು ಕಾಸಿಲ್ಲವೇ? ಕಾನೂನು ಸೇವಾ ಪ್ರಾಧಿಕಾರದ ಬಾಗಿಲು ತಟ್ಟಿ. ಲೈಸೆನ್ಸ್ ಕೊಡದಿದ್ದರೆ ಕಾರಣವನ್ನು ಬರಹದಲ್ಲಿ ಕೇಳಿ. 18ನೇ ಕಲಮಿನಲ್ಲಿ ಅಪೀಲಿಗೆ ದಾರಿಯಿದೆ.

ನನಗೆ ಕೋವಿಯ ಹುಚ್ಚಿಲ್ಲ, ಜೀವನದಲ್ಲಿ ಒಂದನ್ನೂ ಮುಟ್ಟಿಲ್ಲ. ಆದರೆ ಈ ವರ್ಷ ಆ ಹುಡುಗನ ತಾಯಿ ರಾತ್ರಿಯೆಲ್ಲ ಡಬ್ಬ ಬಡಿಯುತ್ತಾ ಹಂದಿ ಓಡಿಸಿದರು. ಆಕೆ ಯಾರಿಗೂ ಹೊಡೆದವರಲ್ಲ. ಮಗ ಆಡಿದ ಎರಡು ಮಾತಿಗೆ ಐದು ವರ್ಷದ ಬೆಲೆಯಿದೆ ಎಂದು ಅಂದು ಆ ಕೋರ್ಟಿನಲ್ಲಿ ಅವನಿಗೆ ಕನ್ನಡದಲ್ಲಿ ಒಬ್ಬರೂ ಹೇಳಲಿಲ್ಲ.

ಬೋರ್ಡಿನಲ್ಲಿ ಕನ್ನಡ ಬರಲಿ. ಆರ್ಡರಿನಲ್ಲೂ ಬರಲಿ. ಅದನ್ನು ತರುವಾಗ ನಮ್ಮವನ ತುಟಿ ಒಡೆಯದಿರಲಿ.