ಬೋರ್ಡು ತೆಗೆಯಬೇಡಿ, ಲೆಕ್ಕ ಬರೆಯಿರಿ



ಕಳೆದ ಸಲ ನಮ್ಮ ಗೋಡೆ ಪತ್ರಿಕೆಯಲ್ಲಿ ತುಂಬಾ ಜನ ಮರಗಿಡಗಳ ಬಗ್ಗೆ, ಸ್ವಚ್ಛತೆ ಬಗ್ಗೆ ಬರೆದಿದ್ದರು. ನಾನು ಈ ಸಲ ಅಂಗಡಿ ಬಗ್ಗೆ ಬರೆಯುತ್ತೇನೆ. ಯಾಕೆಂದರೆ ನಮ್ಮ ಮನೆ ನಡೆಯುವುದೇ ಅಂಗಡಿಯಿಂದ. ಯಲಹಂಕದಿಂದ ರಾಜಾನುಕುಂಟೆ ಕಡೆ ಹೋಗುವ ರಸ್ತೆ ಪಕ್ಕದಲ್ಲಿ ನಮ್ಮ ಅಮ್ಮನ ಪೆಟ್ಟಿಗೆ ಅಂಗಡಿ ಇದೆ. ಬಾಳೆಹಣ್ಣು, ತೆಂಗಿನಕಾಯಿ, ಬಿಸ್ಕತ್ತು, ಸೋಪು, ಪೆನ್ನು ಎಲ್ಲಾ ಇಟ್ಟಿದ್ದೇವೆ. ಸ್ಕೂಲು ಬಿಟ್ಟ ಮೇಲೆ ನಾನೂ ಅಂಗಡಿಯಲ್ಲಿ ಕೂರುತ್ತೇನೆ. ಆದ್ದರಿಂದ ನಾನು ಕಣ್ಣಾರೆ ಕಂಡದ್ದನ್ನೇ ಬರೆಯುತ್ತಿದ್ದೇನೆ.

ಈಗ ಎಲ್ಲಾ ಅಂಗಡಿಯಲ್ಲೂ ಚೌಕಾಕಾರದ ಕಪ್ಪು ಬಿಳಿ ಚಿತ್ರದ ಬೋರ್ಡು ಇರುತ್ತದೆ. ಅದಕ್ಕೆ ಕ್ಯೂಆರ್ ಕೋಡ್ ಎನ್ನುತ್ತಾರೆ. ಅದನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಿದರೆ ಕೊಳ್ಳುವವರ ಬ್ಯಾಂಕಿನಿಂದ ಅಂಗಡಿಯವರ ಬ್ಯಾಂಕಿಗೆ ಹಣ ಹೋಗುತ್ತದೆ. ಈ ವ್ಯವಸ್ಥೆಯ ಹೆಸರು ಯುಪಿಐ. ಇದು ೨೦೧೬ರಲ್ಲಿ ಶುರುವಾಯಿತು. ಅದೇ ವರ್ಷ ನವೆಂಬರ್ ೮ರಂದು ೫೦೦ ಮತ್ತು ೧೦೦೦ ರೂಪಾಯಿ ನೋಟು ರದ್ದಾದವು. ಆಗ ನಾನು ಅಂಗನವಾಡಿಗೆ ಹೋಗುತ್ತಿದ್ದೆ. ಫೋನ್‌ಪೇ, ಗೂಗಲ್‌ಪೇ, ಪೇಟಿಎಂ ಇವೆಲ್ಲಾ ಬೇರೆ ಬೇರೆ ಕಂಪನಿಗಳು. ಆದರೆ ಒಳಗೆ ಹಣ ಓಡಾಡುವ ದಾರಿ ಒಂದೇ, ಅದೇ ಯುಪಿಐ.

ಇದರಿಂದ ಅನುಕೂಲವೂ ಉಂಟು, ತೊಂದರೆಯೂ ಉಂಟು. ಮೊದಲು ಅನುಕೂಲ ಹೇಳುತ್ತೇನೆ.

ಮುಂಚೆ ಅಂಗಡಿಗೆ ಹೋದರೆ "ಚಿಲ್ಲರೆ ಇಲ್ಲ, ಚಾಕ್ಲೇಟ್ ತಗೋ" ಎನ್ನುತ್ತಿದ್ದರು. ನಮಗೆ ಬೇಡದ ಚಾಕ್ಲೇಟಿಗೆ ನಮ್ಮದೇ ಎರಡು ರೂಪಾಯಿ ಹೋಗುತ್ತಿತ್ತು. ಸತ್ಯ ಹೇಳಬೇಕೆಂದರೆ ನಮ್ಮ ಅಮ್ಮನೂ ಹಾಗೇ ಕೊಡುತ್ತಿದ್ದರು, ನಾನೂ ಕೊಟ್ಟಿದ್ದೇನೆ. ಅದು ತಪ್ಪು. ಈಗ ೧೮ ರೂಪಾಯಿ ಆದರೆ ಸರಿಯಾಗಿ ೧೮ ರೂಪಾಯಿ ಬರುತ್ತದೆ. ಇನ್ನೊಂದು, ರಾತ್ರಿ ಅಂಗಡಿ ಮುಚ್ಚಿ ಬರುವಾಗ ಅಮ್ಮನ ಕೈಯಲ್ಲಿ ಹೆಚ್ಚು ದುಡ್ಡು ಇರುವುದಿಲ್ಲ. ಹಾಗಾಗಿ ಭಯವೂ ಕಮ್ಮಿ.

ಈಗ ತೊಂದರೆ. ೨೦೨೫ನೇ ಇಸವಿ ಜುಲೈ ತಿಂಗಳಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯವರು ಯುಪಿಐ ಲೆಕ್ಕ ನೋಡಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿದರು. ಅದೂ ನಾಲ್ಕು ವರ್ಷದ ಲೆಕ್ಕ ಒಟ್ಟಿಗೆ. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ೨೯ ಲಕ್ಷ ರೂಪಾಯಿ ಕಟ್ಟಿ ಎಂದು ನೋಟಿಸ್ ಬಂದಿತ್ತು. ಅವರಿಗೆ ನಾಲ್ಕು ವರ್ಷದಲ್ಲಿ ಬಂದಿದ್ದ ಹಣ ೧ ಕೋಟಿ ೬೩ ಲಕ್ಷ. ಆದರೆ ಹಸಿ ತರಕಾರಿಗೆ ಜಿಎಸ್‌ಟಿಯೇ ಇಲ್ಲ! ಈ ಸುದ್ದಿ ಎಲ್ಲಾ ಕಡೆ ಹಬ್ಬಿತು. ಬೆಂಗಳೂರಿನ ಎಷ್ಟೋ ಅಂಗಡಿಯವರು ಬೋರ್ಡು ಕಿತ್ತು "ಯುಪಿಐ ಇಲ್ಲ, ಕ್ಯಾಷ್ ಮಾತ್ರ" ಎಂದು ಬರೆದು ಅಂಟಿಸಿದರು.

ನಮ್ಮ ಪಕ್ಕದ ಟೀ ಅಂಗಡಿ ಅಣ್ಣ ಓಡಿ ಬಂದು, "ಅಕ್ಕಾ, ನಿಮ್ದೂ ತೆಗೆದುಬಿಡಿ, ಲಕ್ಷಗಟ್ಲೆ ನೋಟೀಸ್ ಬತ್ತೈತಂತೆ" ಅಂದರು. ಅಮ್ಮನಿಗೆ ಜೀವವೇ ಹೋದಂತಾಯಿತು. ಅವತ್ತೇ ಬೋರ್ಡು ಕಿತ್ತು ಅಕ್ಕಿ ಡಬ್ಬದ ಹಿಂದೆ ಇಟ್ಟರು. ರಾತ್ರಿ ಊಟ ಮಾಡಲಿಲ್ಲ. "ನಂ ಅಂಗಡಿ ಮಾರಿದ್ರೂ ಲಕ್ಷ ಬರಾಕಿಲ್ಲ ಕಣೇ" ಎಂದು ಅತ್ತರು.

ಮಾರನೇ ದಿನದಿಂದ ವ್ಯಾಪಾರ ಇಳಿಯಿತು. ಕೆಲಸಕ್ಕೆ ಹೋಗುವ ಅಣ್ಣಂದಿರು ಗಾಡಿ ನಿಲ್ಲಿಸಿ, "ಸ್ಕ್ಯಾನರ್ ಇಲ್ವಾ ಅಕ್ಕಾ?" ಎಂದು ಕೇಳಿ ಮುಂದೆ ಹೋಗುತ್ತಿದ್ದರು. ಅವರ ಜೇಬಿನಲ್ಲಿ ಹತ್ತು ರೂಪಾಯಿ ನೋಟೂ ಇರುವುದಿಲ್ಲ. ಒಂದು ಗೊನೆ ಬಾಳೆಹಣ್ಣು ಕಪ್ಪಗಾಗಿ ಹಸುವಿಗೆ ಹಾಕಿದೆವು.

ಆಗ ನಾನು ನಮ್ಮ ಗಣಿತ ಮೇಷ್ಟ್ರನ್ನು ಕೇಳಿದೆ. ಅವರು ಪೇಪರ್ ತೋರಿಸಿ ನಿಯಮ ಹೇಳಿಕೊಟ್ಟರು. ವಸ್ತು ಮಾತ್ರ ಮಾರುವ ಅಂಗಡಿಯವರು ವರ್ಷಕ್ಕೆ ೪೦ ಲಕ್ಷಕ್ಕಿಂತ ಹೆಚ್ಚು ವ್ಯಾಪಾರ ಮಾಡಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕು. ಹೋಟೆಲು, ಸಲೂನು ತರಹದ ಸೇವೆಗಳಿಗೆ ೨೦ ಲಕ್ಷ. ನಾನು ನೋಟ್‌ಬುಕ್ಕಿನ ಹಿಂದೆ ಭಾಗಾಕಾರ ಮಾಡಿದೆ. ೪೦ ಲಕ್ಷವನ್ನು ೩೬೫ ದಿನಕ್ಕೆ ಭಾಗಿಸಿದರೆ ದಿನಕ್ಕೆ ಸುಮಾರು ೧೦,೯೫೯ ರೂಪಾಯಿ. ೨೦ ಲಕ್ಷಕ್ಕೆ ದಿನಕ್ಕೆ ಸುಮಾರು ೫,೪೭೯ ರೂಪಾಯಿ.

ಮನೆಗೆ ಬಂದು ನಮ್ಮ ಅಂಗಡಿ ಲೆಕ್ಕ ನೋಡಿದೆ. ಅಮ್ಮ ದಿನಾ ಗಲ್ಲಾದ ದುಡ್ಡನ್ನು ಕ್ಯಾಲೆಂಡರಿನಲ್ಲಿ ಬರೆದಿರುತ್ತಾರೆ. ಫೋನಿನ ದುಡ್ಡು ಫೋನಿನಲ್ಲೇ ಇತ್ತು. ಬೋರ್ಡು ಕೀಳುವ ಮುಂಚಿನ ಒಂದು ವಾರ ಫೋನಿಗೆ ಬಂದದ್ದು ೧೪,೦೦೦. ಕೈಗೆ ಬಂದದ್ದು ೮,೬೧೦. ಒಟ್ಟು ೨೨,೬೧೦. ಏಳರಿಂದ ಭಾಗಿಸಿದರೆ ದಿನಕ್ಕೆ ೩,೨೩೦. ವರ್ಷಕ್ಕೆ ಹನ್ನೆರಡು ಲಕ್ಷವೂ ಆಗುವುದಿಲ್ಲ. ನಾನು ಅಮ್ಮನಿಗೆ ಮೂರು ಸಲ ಬಿಡಿಸಿ ಹೇಳಿದೆ. ಅಮ್ಮ "ನಿಜಾನಾ? ಇನ್ನೊಂದ್ಸಲ ಕೂಡು" ಅಂದರು. ಇನ್ನೊಂದು ಸಲ ಕೂಡಿದೆ. ಮರುದಿನ ಬೆಳಿಗ್ಗೆ ಅಮ್ಮನೇ ಬೋರ್ಡು ಒರೆಸಿ ಮತ್ತೆ ಇಟ್ಟರು.

ಆಮೇಲೆ ಜುಲೈ ೨೩ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಸಭೆ ಕರೆದರು. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿ ಆಗಬೇಕಾದವರು ಆಗಲೇಬೇಕು ಎಂದು ಹೇಳಿದರು. ಜುಲೈ ೨೫ಕ್ಕೆ ಕರೆದಿದ್ದ ಬಂದ್ ನಿಂತಿತು.

ಟೀ ಅಂಗಡಿ ಅಣ್ಣ ಈಗಲೂ "ಕ್ಯಾಷ್ ಆದ್ರೆ ಯಾರ ತಂಟೇನೂ ಇಲ್ಲ ಕಣಮ್ಮ" ಎನ್ನುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಕಾನೂನಿನಲ್ಲಿ ಕ್ಯಾಷ್ ವ್ಯಾಪಾರವೂ ವ್ಯಾಪಾರವೇ, ಫೋನ್ ವ್ಯಾಪಾರವೂ ವ್ಯಾಪಾರವೇ. ಬೋರ್ಡು ಮುಚ್ಚಿಟ್ಟರೆ ನಿಯಮ ಬದಲಾಗುವುದಿಲ್ಲ. ಮತ್ತು ನಮ್ಮ ಸ್ಕೂಲು, ರಸ್ತೆ, ಆಸ್ಪತ್ರೆ ಎಲ್ಲಾ ತೆರಿಗೆ ಹಣದಿಂದಲೇ ನಡೆಯುವುದು. ಕಟ್ಟಬೇಕಾದವರು ಕಟ್ಟಬೇಕು.

ಆದರೆ ಅಣ್ಣ ಹೇಳುವ ಒಂದು ಮಾತು ಸರಿ. ಅದೇನೆಂದರೆ, ವ್ಯಾಪಾರ ಬೇರೆ, ಲಾಭ ಬೇರೆ. ಹತ್ತು ರೂಪಾಯಿ ಬಿಸ್ಕತ್ತು ಮಾರಿದರೆ ನಮಗೆ ಉಳಿಯುವುದು ಒಂದು ರೂಪಾಯಿ. ಫೋನಿಗೆ ಹತ್ತು ಬಂದಂತೆ ಕಾಣುತ್ತದೆ. ಜೊತೆಗೆ ಅಮ್ಮನ ಚೀಟಿ ದುಡ್ಡು, ಮಾವ ಕೊಟ್ಟ ಕೈಸಾಲ ಎಲ್ಲಾ ಅದೇ ಖಾತೆಗೆ ಬರುತ್ತದೆ. ಹೊರಗಿನಿಂದ ನೋಡಿದವರಿಗೆ ಯಾವುದು ಬಾಳೆಹಣ್ಣಿನ ದುಡ್ಡು, ಯಾವುದು ಮಾವನ ದುಡ್ಡು ಎಂದು ಹೇಗೆ ಗೊತ್ತಾಗಬೇಕು? ನಾವು ಬರೆದಿಟ್ಟಿದ್ದರೆ ಮಾತ್ರ ತೋರಿಸಬಹುದು. ನಾಲ್ಕು ವರ್ಷ ಸುಮ್ಮನಿದ್ದು ಒಂದೇ ದಿನ ಕೇಳಿದರೆ ಯಾರು ತಾನೇ ತೋರಿಸಲು ಸಾಧ್ಯ? ಮೊದಲ ವರ್ಷವೇ ತಿಳಿಸಬೇಕಿತ್ತು.

ಇನ್ನೊಂದು ವಿಷಯ. ದುಡ್ಡು ಬಂದಾಗ ಕೂಗುವ ಡಬ್ಬಿ ಇರುತ್ತದಲ್ಲ, ಅದನ್ನು ಒಂದು ಕಂಪನಿಯವರು ಬಂದು "ಫ್ರೀ ಅಕ್ಕಾ" ಎಂದು ಇಟ್ಟು ಹೋದರು. ಡಬ್ಬಿಯಿಂದ ಉಪಯೋಗ ಇದೆ. ಕೆಲವರು ಫೋನ್ ತೋರಿಸಿ "ಹಾಕಿದೀನಿ" ಎಂದು ಹಾಕದೇ ಹೋಗುತ್ತಾರೆ. ಡಬ್ಬಿ ಕೂಗಿದರೆ ಮೋಸ ಆಗುವುದಿಲ್ಲ. ಆದರೆ ಆಮೇಲೆ ತಿಂಗಳಿಗೆ ೧೨೫ ರೂಪಾಯಿ ಬಾಡಿಗೆ ತಾನಾಗಿಯೇ ಕಟ್ ಆಗತೊಡಗಿತು. ಮಳೆ ನೀರು ಬಿದ್ದು ಡಬ್ಬಿ ಕೆಟ್ಟು ಮೂಕವಾಯಿತು. ಆದರೂ ಮೂರು ತಿಂಗಳು ಕಟ್ ಆಯಿತು, ಒಟ್ಟು ೩೭೫. ೨೦೨೦ರ ಜನವರಿಯಿಂದ ಬ್ಯಾಂಕ್ ಖಾತೆಯ ಯುಪಿಐ ಹಣಕ್ಕೆ ಅಂಗಡಿಯವರಿಂದ ಕಮಿಷನ್ ಹಿಡಿಯುವ ಹಾಗಿಲ್ಲ. ಆದರೆ ಡಬ್ಬಿ ಬಾಡಿಗೆ ಬೇರೆ. ಇದು ಅಮ್ಮನಿಗೆ ಗೊತ್ತೇ ಇರಲಿಲ್ಲ.

ನಾನು ಗಮನಿಸಿದ್ದು ಏನೆಂದರೆ, ಡಬ್ಬಿ ಕನ್ನಡದಲ್ಲಿ ಚೆನ್ನಾಗಿ ಮಾತನಾಡುತ್ತದೆ. ಆದರೆ ಬಾಡಿಗೆಯ ಮೆಸೇಜು ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಅಮ್ಮ ಐದನೇ ಕ್ಲಾಸು ಓದಿದ್ದಾರೆ, ಕನ್ನಡ ಸರಾಗವಾಗಿ ಓದುತ್ತಾರೆ. ಕನ್ನಡದಲ್ಲಿ ಬಂದಿದ್ದರೆ ಮೊದಲ ತಿಂಗಳೇ ಕೇಳುತ್ತಿದ್ದರು. ದುಡ್ಡು ಬಂದದ್ದನ್ನು ಕನ್ನಡದಲ್ಲಿ ಹೇಳುವವರು ದುಡ್ಡು ಹೋದದ್ದನ್ನೂ ಕನ್ನಡದಲ್ಲೇ ಹೇಳಬೇಕು.

ಕೊನೆಯದಾಗಿ ನನ್ನ ಅಭಿಪ್ರಾಯಗಳು:

೧. ಅಂಗಡಿಯವರು ಹೆದರಿ ಬೋರ್ಡು ತೆಗೆಯಬಾರದು. ಮೊದಲು ತಮ್ಮ ಲೆಕ್ಕ ತಾವು ನೋಡಬೇಕು.

೨. ಅಂಗಡಿ ದುಡ್ಡಿಗೆ ಒಂದು ಖಾತೆ, ಮನೆ ದುಡ್ಡಿಗೆ ಒಂದು ಖಾತೆ ಇರಬೇಕು.

೩. ಸರ್ಕಾರದವರು ನೋಟಿಸ್ ಕಳಿಸುವ ಮುಂಚೆ ಊರೂರಿಗೆ ಬಂದು ಕನ್ನಡದಲ್ಲಿ ನಿಯಮ ಹೇಳಬೇಕು. ಕಂಪನಿಯವರು ಬಾಡಿಗೆ ಎಷ್ಟು ಎಂದು ಡಬ್ಬಿಯ ಮೇಲೆಯೇ ಕನ್ನಡದಲ್ಲಿ ಬರೆಯಬೇಕು.

೪. ಬೋರ್ಡು ಇದ್ದರೂ ಕ್ಯಾಷ್ ಬೇಡ ಎನ್ನಬಾರದು. ನಮ್ಮ ಅಜ್ಜಿಯ ಹತ್ತಿರ ಫೋನೇ ಇಲ್ಲ. ಅವರೂ ಗಿರಾಕಿಯೇ.

೫. ಫೋನಿನಲ್ಲಿ ಯಾರಾದರೂ ಮೋಸ ಮಾಡಿ ದುಡ್ಡು ಹೊಡೆದರೆ ತಡ ಮಾಡದೆ ೧೯೩೦ಕ್ಕೆ ಫೋನ್ ಮಾಡಬೇಕು.

ಗೆಳೆಯರೇ, ನಮ್ಮ ಕ್ಲಾಸಿನಲ್ಲೇ ಆರು ಜನರ ಮನೆಯಲ್ಲಿ ಅಂಗಡಿ ಅಥವಾ ತಳ್ಳುಗಾಡಿ ಇದೆ. ನಾವು ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಎಲ್ಲಾ ಕಲಿತಿದ್ದೇವೆ. ದಿನಾ ರಾತ್ರಿ ಹತ್ತು ನಿಮಿಷ ಅಪ್ಪ ಅಮ್ಮನ ಲೆಕ್ಕ ಬರೆದುಕೊಡೋಣ. ನಾನು ಈಗ ಬರೆಯುತ್ತಿದ್ದೇನೆ. ಒಂದು ಹಳೇ ನೋಟ್‌ಬುಕ್ಕು, ನಾಲ್ಕು ಕಾಲಂ: ತಾರೀಖು, ಕ್ಯಾಷ್, ಫೋನ್, ಖರ್ಚು. ಮೊನ್ನೆ ಟೀ ಅಂಗಡಿ ಅಣ್ಣನೂ "ನಂದೂ ಒಂದು ಗೆರೆ ಹಾಕ್ಕೊಡಮ್ಮ" ಅಂದರು. ಹಾಕಿಕೊಟ್ಟಿದ್ದೇನೆ. ಅವರದು ೨೦ ಲಕ್ಷದ ಲೆಕ್ಕ. ದಿನಕ್ಕೆ ೫,೪೭೯ರ ಹತ್ತಿರ ಬಂದರೆ ನೋಂದಣಿ ಬಗ್ಗೆ ವಿಚಾರಿಸಬೇಕು ಎಂದು ಮೇಲೆ ಕೆಂಪು ಪೆನ್ನಿನಲ್ಲಿ ಬರೆದಿದ್ದೇನೆ.

ನನ್ನ ಬರಹದಲ್ಲಿ ತಪ್ಪಿದ್ದರೆ ತಿಳಿಸಿ, ತಿದ್ದಿಕೊಳ್ಳುತ್ತೇನೆ. ಯಾರಿಗಾದರೂ ಕಾಲಂ ಹಾಕುವುದು ಗೊತ್ತಾಗದಿದ್ದರೆ ಊಟದ ಬಿಡುವಿನಲ್ಲಿ ಬನ್ನಿ, ತೋರಿಸುತ್ತೇನೆ.



ಇಂತಿ,
ಏಳನೇ ತರಗತಿಯ ವಿದ್ಯಾರ್ಥಿನಿ