ಡ್ರೈವರ್ ಇಲ್ಲದ ಗಾಡಿ ನನಗ ಬ್ಯಾಡ, ಯಾಕಂದ್ರ...

ಸಂಕ್ರಾಂತಿಗೆ ನಮ್ಮ ಅಕ್ಕನ ಮಗ ಬೆಂಗಳೂರಿಂದ ಬಂದಿದ್ದ. ಸಾಫ್ಟ್‌ವೇರ್ ಹುಡುಗ, ಶ್ಯಾಣ್ಯಾ, ಮಾತು ಭಾಳ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬದನಿಕಾಯಿ ಎಣ್ಣಿಗಾಯಿ, ಶೇಂಗಾ ಹೋಳಿಗಿ ಮಾಡಿದ್ದೆ. ಎಲ್ಲಾರೂ ಸಾಲಾಗಿ ಉಣ್ಣಾಕ ಕುಂತಾಗ ಅಂವ ಮೊಬೈಲ್ ತಗದು ಒಂದು ವಿಡಿಯೋ ತೋರಿಸಿದ. ಕಾರ್ ಹೊಂಟೈತಿ, ಸ್ಟೇರಿಂಗ್ ಹಿಡಿಯಾಂವ ಇಲ್ಲ.

"ಚಿಗವ್ವಾ, ಇದು ಅಮೆರಿಕಾದ್ದಲ್ಲ, ನಮ್ಮ ಬೆಂಗಳೂರಾಗಿಂದು. ಹೋದ ವರ್ಷ ಅಕ್ಟೋಬರ್‌ನಾಗ ಆರ್.ವಿ. ಎಂಜಿನಿಯರಿಂಗ್ ಕಾಲೇಜು, ವಿಪ್ರೊ, ಐಐಎಸ್‌ಸಿ ಕೂಡಿ ಮಾಡಿ ತೋರಿಸಿದ್ದು. ಇನ್ನ ಹತ್ತು ವರ್ಷದಾಗ ಮಹಾಲಿಂಗಪುರಕ್ಕೂ ಬರ್ತಾವು ನೋಡ. ಡ್ರೈವರ್ ಅಂಬೋ ಜಾತಿನ ಇರಂಗಿಲ್ಲ" ಅಂದ.

ನಮ್ಮ ಮಾವನವರು, "ನಮ್ಮ ರಸ್ತೇಕ ಬಂದ್ರ ಮೊದಲನೇ ತಗ್ಗಿನ್ಯಾಗ ಅದರ ಜೀವ ಹೊಕ್ಕೈತಿ ಬಿಡೋ" ಅಂದ್ರು. ಎಲ್ಲಾರೂ ನಕ್ಕರು.

ನಗಲಾರದಾಂವ ಒಬ್ಬನ, ನಮ್ಮ ಮೈದುನ. ಹತ್ತೊಂಬತ್ತನೇ ವರ್ಷಕ್ಕ ಸ್ಟೇರಿಂಗ್ ಹಿಡದಾಂವ. ಮೊದಲು ಕಬ್ಬಿನ ಟ್ರ್ಯಾಕ್ಟರ್, ಆಮ್ಯಾಲ ಬೆಲ್ಲದ ಲಾರಿ, ಈಗ ಸಾಲಾ ಮಾಡಿ ತಗೊಂಡ ಸ್ವಂತ ಕ್ರೂಸರ್. ಇನ್ನ ಇಪ್ಪತ್ತೆರಡು ಕಂತು ಅದಾವು. ಅರ್ಧಾ ರೊಟ್ಟಿ ಗಂಗಾಳದಾಗ ಬಿಟ್ಟು ಎದ್ದು ಕೈ ತೊಳಕೊಂಡ. "ಬಾಡಿಗಿ ಐತಿ" ಅಂದ. ಬಾಡಿಗಿ ಇದ್ದಿಲ್ಲ, ನನಗ ಗೊತ್ತು. ನೆಗೆಣ್ಣಿ ನನ್ನ ಮಾರಿ ನೋಡಿದ್ಲು. ಆ ಅರ್ಧಾ ರೊಟ್ಟಿ ಸಲುವಾಗಿ ಇದನ್ನ ಬರ್ಯಾಕತ್ತೇನಿ.

ನನಗ ಸಿಟ್ಟು ಹುಡುಗನ ಮ್ಯಾಗಷ್ಟ ಅಲ್ಲ, ನಮ್ಮ ನಗಿ ಮ್ಯಾಗೂ ಐತಿ. ನಮ್ಮ ರಸ್ತೆ ಕೆಟ್ಟೈತಿ, ಅದಕ್ಕ ಆ ಗಾಡಿ ಬರಂಗಿಲ್ಲ ಅನ್ನೂದು ಎಂಥಾ ಸಮಾಧಾನ್ರಿ? ತಗ್ಗು ಇದ್ದದ್ದಕ್ಕ ನಾವು ಬದಕೇವಿ ಅಂದಂಗಾತು.

ಮೊದಲು ಹುಡುಗನ ಮಾತಿನ್ಯಾಗ ಖರೆ ಎಷ್ಟೈತಿ ಹೇಳಿಬಿಡ್ತೇನಿ. ಆ ಗಾಡಿ ಸುಳ್ಳಲ್ಲ. ಅಮೆರಿಕದ ಫೀನಿಕ್ಸ್, ಸ್ಯಾನ್ ಫ್ರಾನ್ಸಿಸ್ಕೊ ಊರಾಗ ವೇಮೊ ಕಂಪನಿ ಕಾರ್ ಡ್ರೈವರ್ ಇಲ್ದನ ಬಾಡಿಗಿ ಹೊಡೀತಾವು. ಅವು ಕುಡಿಯಂಗಿಲ್ಲ, ತೂಕಡಸಂಗಿಲ್ಲ, ಫೋನಿನ್ಯಾಗ ಮಾತಾಡಂಗಿಲ್ಲ. ನಮ್ಮ ದೇಶದಾಗ 2022 ಒಂದ ವರ್ಷದಾಗ ರಸ್ತೆ ಅಪಘಾತಕ್ಕ ಸತ್ತವರು 1,68,491 ಮಂದಿ. "ಈ ಲೆಕ್ಕ ನೋಡೂ ಡ್ರೈವರ್ ಬೇಕ ಅಂತೀಯೇನು ಚಿಗವ್ವಾ?" ಅಂತ ಅಂವ ಕೇಳಿದ್ದು ತಪ್ಪಲ್ಲ. ಆದ್ರ ಅದ ಲೆಕ್ಕಾನ ಇನ್ನೊಂದು ಗೆರಿ ಕೆಳಗ ಓದಬೇಕು. ಸತ್ತವರೊಳಗ ನೂರಕ್ಕ 44.5 ಮಂದಿ ಬೈಕಿನವರು, 19.5 ಮಂದಿ ನಡಕೊಂಡು ಹೋಗಾವರು. ನಮ್ಮ ಓಣಿ ಹುಡುಗ ಒಬ್ಬಾಂವ ರಾತ್ರಿ ಬೈಕ್ ಮ್ಯಾಲ ಬರಾಕತ್ತಾಗ ನಿಂತಿದ್ದ ಕಬ್ಬಿನ ಟ್ರೇಲರ್‌ಗೆ ಹಿಂದಿಂದ ಗುದ್ದಿ ಹೋದ. ಟ್ರೇಲರ್‌ಗೆ ರಿಫ್ಲೆಕ್ಟರ್ ಇದ್ದಿಲ್ಲ, ಲೈಟ್ ಇದ್ದಿಲ್ಲ. ಅಂವನ್ನ ಉಳಿಸಾಕ ಕೋಟಿ ರೂಪಾಯಿ ಬುದ್ಧಿವಂತ ಕಾರ್ ಬೇಕಿದ್ದಿಲ್ಲ, ಒಂದು ಹೊಳಿಯೋ ಪಟ್ಟಿ ಸಾಕಿತ್ತು. ಆ ಪಟ್ಟಿ ಅಂಟಿಸಾಕ ಯಾರಿಗೂ ಪುರಸೊತ್ತಿಲ್ಲ, ಡ್ರೈವರ್‌ನ ತಗಿಯಾಕ ಮಾತ್ರ ಎಲ್ಲಾರಿಗೂ ಅವಸರ.

ಈಗ ಮುಖ್ಯ ಮಾತು. ಬೆಂಗಳೂರಾಗ 2025ರ ಆಗಸ್ಟ್ 10ಕ್ಕ ಮೆಟ್ರೊ ಹಳದಿ ಮಾರ್ಗ ಸುರು ಆತು. ಆರ್.ವಿ. ರೋಡಿನಿಂದ ಬೊಮ್ಮಸಂದ್ರಕ್ಕ. ಆ ರೈಲು ಡ್ರೈವರ್ ಇಲ್ದ ಓಡೂವಂಗ ಮಾಡಿದ್ದು, ಆದ್ರೂ ಸುರುವಾದಾಗ ಒಳಗ ಮನಷ್ಯಾನ್ನ ಕುಂಡ್ರಿಸಿದ್ರು. ಅದು ಹೆಂಗ ತಾನ ಓಡ್ತೈತಿ? ಅದರ ಹಳಿ ಮ್ಯಾಗ ಯಾರೂ ಬರಂಗಿಲ್ಲ. ಆಕಳಾ ಇಲ್ಲ, ಅಜ್ಜೀನೂ ಇಲ್ಲ. ಕಂಬದ ಮ್ಯಾಲ ಎತ್ತಿ ಇಟ್ಟಾರ. ಡ್ರೈವರ್ ಇಲ್ಲದ ಗಾಡಿಗೆ ಬೇಕಾಗಿದ್ದು ಅಂಥಾ ಹಾದಿ, ಮಂದಿ ಇಲ್ಲದ ಹಾದಿ.

ಈಗ ಹಂಗಾಮಿನ್ಯಾಗ ಮುಧೋಳ ರಸ್ತೇಕ ನಿಂತು ನೋಡ್ರಿ. ಎರಡೆರಡು ಟ್ರೇಲರ್ ಕಟಗೊಂಡ ಕಬ್ಬಿನ ಟ್ರ್ಯಾಕ್ಟರ್, ಅದರಾಗ ಎದಿ ನಡಗೂವಂಗ ಡೆಕ್ ಹಾಡು. ಅದರ ಹಿಂದ ಎತ್ತಿನ ಗಾಡಿ. ಟ್ರೇಲರ್‌ಗೆ ಜೋತುಬಿದ್ದು ಕಬ್ಬು ಜಗ್ಗೂ ಹುಡುಗರು. ನಡುವ ಕುರಿ ಹಿಂಡು. ರಸ್ತೆ ಅಂಚಿಗೆ ಗೋವಿನಜೋಳ ಒಣಗಿಸಾಕತ್ತ ಹೆಣ್ಮಕ್ಕಳು. ಎಲ್ಲಾನೂ ಸರಿ ಅನ್ನಾಕತ್ತಿಲ್ಲ ನಾನು, ರಸ್ತೆ ಮ್ಯಾಲ ಕಾಳು ಹಾಕಬಾರದು ಅಂತ ಎಷ್ಟು ಸಲ ಬೈದೇನಿ. ಆದ್ರ ಈ ಗದ್ದಲದಾಗ ಎಲ್ಲಾರೂ ಮಾತಾಡ್ಕೋತ ಹೊಂಟಾರ. ಒಬ್ಬಾಂವ ಲೈಟ್ ಹೊಡದು "ನೀ ಮೊದಲ ಬಾ" ಅಂತಾನ, ಇನ್ನೊಬ್ಬಾಂವ ಕೈ ಮಾಡಿ ನಿಲ್ಲಸ್ತಾನ, ಕುರಿಯಾಂವ ಒಂದು ಸೀಟಿ ಹೊಡೀತಾನ. ಗಾಡಿಗೆ ಈ ಮಾತು ತಿಳೀಲಿಲ್ಲ ಅಂದ್ರ ಯಾರು ಬದಲಾಗಬೇಕು ಹೇಳ್ರಿ? ಗಾಡಿ ಬದಲಾಗಂಗಿಲ್ಲ. "ರಸ್ತೆ ಶಿಸ್ತಿಗೆ ಬರ್ಲಿ" ಅಂತಾರ. ಮೊದಲ ಕುರಿ, ಆಮ್ಯಾಲ ಎತ್ತು, ಆಮ್ಯಾಲ ನಾವು.

ಇದು ನನ್ನ ಕಲ್ಪನಾ ಅಲ್ಲ, ಒಮ್ಮೆ ಆಗಿ ಹೋಗೈತಿ. ನೂರು ವರ್ಷದ ಹಿಂದ ಅಮೆರಿಕದ ಬೀದಿನೂ ನಮ್ಮಂಗ ಇದ್ವು, ಹುಡುಗರು ಆಡೂದು, ಮಂದಿ ಎಲ್ಲಿ ಬೇಕಲ್ಲಿ ದಾಟೂದು. ಕಾರ್ ಬಂದು ಮಂದಿ ಸಾಯಾಕ ಹತ್ತಿದ್ರು. ಆವಾಗ ಕಾರಿನ ಕಡಿಯವರು ಕಾರಿಗೆ ಕಡಿವಾಣ ಹಾಕೂ ಬದಲಿ ನಡಿಯಾವರಿಗೆ ಒಂದು ಹೆಸರು ಇಟ್ರು, ಜೇವಾಕರ್ ಅಂತ. "ಜೇ" ಅಂದ್ರ ಅವರ ಆಡುಮಾತಿನ್ಯಾಗ ಹಳ್ಳಿ ಗಮಾರ. ರಸ್ತೆ ಅಡ್ಡ ದಾಟೂದು ಆವಾಗಿಂದ ಗಮಾರರ ಕೆಲಸಾತು, ಮುಂದ ಕಾನೂನಿನ್ಯಾಗ ತಪ್ಪೂ ಆತು.

ಅದರ ಮೊಮ್ಮಗ ಹುಟ್ಟಿದ್ದು 2018ರ ಮಾರ್ಚ್ 18ರ ರಾತ್ರಿ. ಅಮೆರಿಕದ ಅರಿಜೋನಾ ರಾಜ್ಯದ ಟೆಂಪಿ ಊರಾಗ ಎಲೇನ್ ಹರ್ಜ್‌ಬರ್ಗ್ ಅನ್ನೂ ಹೆಣ್ಮಗಳು ಸೈಕಲ್ ನೂಕ್ಕೋತ ರಸ್ತೆ ದಾಟಾಕತ್ತಿದ್ಲು. ಊಬರ್ ಕಂಪನಿ ಪರೀಕ್ಷೆಗೆ ಬಿಟ್ಟಿದ್ದ, ತಾನ ಓಡೂ ಕಾರ್ ಬಂತು. ಗುದ್ದೂ ಮೊದಲು ಐದು ಸೆಕೆಂಡಿಗಿಂತ ಹೆಚ್ಚು ಹೊತ್ತು ಅದಕ್ಕ ಏನೋ ಕಾಣಾಕತ್ತಿತ್ತು. ಒಮ್ಮೆ ಗಾಡಿ ಅಂತು, ಒಮ್ಮೆ ಬ್ಯಾರೆ ಏನೋ ಅಂತು, ಒಮ್ಮೆ ಸೈಕಲ್ ಅಂತು. ಮನಷ್ಯಾಳು ಅನ್ನಲಿಲ್ಲ. ಪಟ್ಟಿ ಎಳದ ಜಾಗಾ ಬಿಟ್ಟು ಬ್ಯಾರೆ ಕಡೆ ಮನಷ್ಯಾರು ರಸ್ತೆ ದಾಟ್ತಾರ ಅನ್ನೂದನ್ನ ಅದಕ್ಕ ಕಲಿಸಿದ್ದಿಲ್ಲ ಅಂತ ಅಲ್ಲಿನ ಸರಕಾರಿ ತನಿಖಿಯವರು ಬರದಾರ. ಕಂಪನಿ ಮ್ಯಾಲ ಕ್ರಿಮಿನಲ್ ಕೇಸ್ ಹಾಕಲಿಲ್ಲ. ಸೀಟಿನ್ಯಾಗ ನೋಡಿಕೋತ ಕುಂದ್ರಾಕ ಇಟ್ಟಿದ್ದ ಪಗಾರದ ಹೆಣ್ಮಗಳ ಮ್ಯಾಲ ಹಾಕಿದ್ರು. ಆಕಿ ಫೋನ್ ನೋಡಾಕತ್ತಿದ್ದು ಖರೆ, ತಪ್ಪು ಖರೆ. 2023ರಾಗ ಒಪಗೊಂಡ್ಲು, ಜೈಲಿಲ್ಲ, ಮೂರು ವರ್ಷ ಕೋರ್ಟಿನ ನಿಗಾದಾಗ ಇರಬೇಕಂತ ತೀರ್ಪಾತು. ಅಂದ್ರ ಓಡಸೂದು ಯಂತ್ರ, ಉತ್ತರಾ ಹೇಳೂದು ಮಾತ್ರ ಕೂಲಿಯವರು. ನಮ್ಮೂರಾಗ ಅಪಘಾತ ಆದ್ರ ಡ್ರೈವರ್ ಓಡಿ ಹೋದ್ರೂ ಅಂವನ ಮನಿ ಎಲ್ಲೈತಿ ಅಂತ ಗೊತ್ತಿರ್ತೈತಿ. ಸಾಫ್ಟ್‌ವೇರಿನ ಮನಿ ಯಾವ ಓಣ್ಯಾಗ ಐತಿ?

"ಹೆದರಬ್ಯಾಡ್ರಿ, ಮಂತ್ರಿ ಬಿಡಂಗಿಲ್ಲ ಅಂದಾರ" ಅಂತ ನಮ್ಮ ಮನಿಯವರು ಅಂದ್ರು. ಗಡ್ಕರಿಯವರು 2017ರಾಗ ಒಮ್ಮೆ, 2023ರ ಡಿಸೆಂಬರ್‌ನಾಗ ನಾಗಪುರದಾಗ ಇನ್ನೊಮ್ಮೆ, ಡ್ರೈವರ್‌ಗಳ ಕೆಲಸ ಹೊಕ್ಕಾವು, ಇಂಥಾ ಕಾರ್ ಬಿಡೂದಿಲ್ಲ ಅಂದಿದ್ದು ನಿಜ. ಅವರ ಮನಸ್ಸು ಛಲೋನ ಇರಬೇಕು. ಆದ್ರ ನನ್ನ ತವರು ರಬಕವಿ. ಮಂದಿಗೆ ಕೊಟ್ಟ ಮಾತು ಏನಾಗ್ತೈತಿ ಅನ್ನೂದನ್ನ ನಾ ಮಗ್ಗದ ಮನ್ಯಾಗ ನೋಡೇನಿ. ನಮ್ಮಜ್ಜಂದು ಕುಣಿಮಗ್ಗ. 1985ರಾಗ ದಿಲ್ಲಿಯೊಳಗ ಕಾನೂನ ಮಾಡಿದ್ರು, ಇಂಥಿಂಥಾ ಬಟ್ಟಿ ಕೈಮಗ್ಗದವರ ನೇಯಬೇಕು, ಪಾವರ್‌ಲೂಮ್ ಮುಟ್ಟಬಾರದು ಅಂತ. ಮೊದಲು 22 ನಮೂನಿ ಇದ್ವು, ಕಡಿಗೆ 11ಕ್ಕ ಇಳಿಸಿದ್ರು. ಇಷ್ಟರಾಗ ಓಣಿ ತುಂಬ ಖಟಖಟ ಸುರು ಆಗಿ ಅಜ್ಜನ ಸೀರಿ ನಮೂನಿನ ಪಾವರ್‌ಲೂಮಿನ್ಯಾಗ ಅರ್ಧಾ ರೇಟಿಗೆ ಬಂತು. ಪಾವರ್‌ಲೂಮಿಗೆ ನಾ ಬೈಯಂಗಿಲ್ಲ, ನನ್ನ ಸಾಲಿ ಫೀ ಅದರಾಗಿಂದನ ತುಂಬ್ಯಾರ. ಆದ್ರ ಅಜ್ಜ ಕಡೀಕ ಮಗನ ಮಗ್ಗಕ್ಕ ಕಂಡಕಿ ಸುತ್ತಿಕೋತ ಮೂಲ್ಯಾಗ ಕುಂತ. ಲಾಳಿ ಹೊಡಿಯೋ ಕೈ ಅದು. ಅಂವಗ ಯಾರೂ ಏನೂ ಅನ್ನಲಿಲ್ಲ, ಯಾರೂ ಏನೂ ಕೇಳಲೂ ಇಲ್ಲ. ಹಬ್ಬದ ದಿನ ಮೈದುನ ಕೈ ತೊಳಕೊಂಡು ಎದ್ದಾಗ ನನಗ ಆ ಮೂಲಿನ ಕಂಡಿತು.

ಇನ್ನ ಡ್ರೈವರ್ ಅಂದ್ರ ಸ್ಟೇರಿಂಗ್ ತಿರಗಸಾಂವ ಅಷ್ಟ ಅನ್ನೋರಿಗೆ ಒಂದು ಮಾತು. ಹೋದ ತಿಂಗಳು ರಾತ್ರಿ ಎರಡಕ್ಕ ಹಿಂದಿನ ಓಣಿ ಬಾಣಂತನಕ್ಕ ಬಂದ ಹುಡುಗಿಗೆ ಬ್ಯಾನಿ ಸುರು ಆತು. ಮೈದುನ ಲುಂಗಿ ಮ್ಯಾಗನ ಗಾಡಿ ತಗದ. ಆಕಿ ಅತ್ತಿ ಮುಧೋಳ ಅಂತಾಳ, ಅವ್ವ ಜಮಖಂಡಿ ಅಂತಾಳ, ಇಬ್ಬರಿಗೂ ಕೈಕಾಲು ಆಡವಲ್ವು. ಎಲ್ಲಿ ಹೋದ್ರ ಈ ಹೊತ್ತಿನ್ಯಾಗ ಡಾಕ್ಟರ್ ಎದ್ದಿರ್ತಾರ, ಯಾವ ಹಾದ್ಯಾಗ ತಗ್ಗು ಕಡಿಮಿ, ಎಲ್ಲಾ ಇಂವನ ನಿರ್ಧಾರ ಮಾಡಿ ಮುಟ್ಟಿಸಿದ. ಸ್ಟ್ರೆಚರ್ ಹಿಡದ. ರೊಕ್ಕ ಕೇಳಲಿಲ್ಲ. ಬೆಲ್ಲದ ಪಟ್ಟಿ ಆದ ಮ್ಯಾಲ ಕೊಡ್ತೇವಿ ಅಂದಾರ, ಕೊಡ್ತಾರ. ಡ್ರೈವರ್ ಇಲ್ಲದ ಗಾಡಿ ಮೊದಲು ಫೋನಿನ್ಯಾಗ ರೊಕ್ಕ ಐತೇನು ಅಂತ ನೋಡ್ತೈತಿ. ನಮ್ಮ ಹೆಣ್ಮಕ್ಕಳ ಎಷ್ಟು ಮಂದಿ ಕಡೆ ಸ್ವಂತ ಫೋನ್ ಐತಿ?

ಅದಕ್ಕ ನಾ ಅಕ್ಕನ ಮಗನಿಗೆ ಅಂದೆ, "ತಮ್ಮಾ, ತರ್ರಿ ನಿಮ್ಮ ಗಾಡಿ. ಆದ್ರ ತರೂ ಮೊದಲು ಮೂರು ಮಾತು ಕಾಗದದ ಮ್ಯಾಲ ಬರದು ಕೊಡ್ರಿ. ಯಾರರ ಸತ್ರ ಜೈಲಿಗೆ ಹೋಗೋರ ಹೆಸರೇನು, ರಸ್ತೆಯಿಂದ ಯಾರನ್ನೂ ಎಬ್ಬಸಂಗಿಲ್ಲ ಅನ್ನೂದು, ನಿಮ್ಮ ಕಾಕಾನ ಇಪ್ಪತ್ತೆರಡು ಕಂತು ಯಾರು ತುಂಬ್ತಾರ ಅನ್ನೂದು." ಅಂವ ನಕ್ಕು, "ಚಿಗವ್ವಾ, ನೀ ಲಾಯರ್ ಆಗಬೇಕಿತ್ತು" ಅಂದ. ಉತ್ತರಾ ಕೊಡಲಿಲ್ಲ. ಸಂಜಿಕ ಅಂವನ್ನ ಬಸ್ಸಿಗೆ ಬಿಟ್ಟು ಬಂದಾಂವ ಮೈದುನನ.

ರಾತ್ರಿ ಭಾಂಡಿ ತಿಕ್ಕೂ ಮುಂದ ನೆಗೆಣ್ಣಿ ಸಣ್ಣಗ ಕೇಳಿದ್ಲು: "ಅಕ್ಕಾ, ನಮ್ಮ ಹುಡುಗಗ ಬರೂ ವರ್ಷ ಹದಿನೆಂಟು ತುಂಬ್ತಾವು. ಲೈಸೆನ್ಸ್ ಮಾಡಸ್ರಿ, ಅಪ್ಪಾನ ಗಾಡಿ ಹೊಡೀತೀನಿ ಅಂತಾನ. ಮಾಡಸೂನೋ ಬ್ಯಾಡೋ?"

ನಾ ಗಂಗಾಳ ತೊಳಕೋತ ನಿಂತೆ. ಇನ್ನೂ ಆಕಿಗೆ ಹೇಳಿಲ್ಲ.