ಏಳು ಅಕ್ಕತಂಗಿಯರ ಊರಿನಲ್ಲಿ

ನಾರ್ವೆ ದೇಶದ ನಕ್ಷೆಯನ್ನು ಬಿಡಿಸಿ ಅದರ ಪಶ್ಚಿಮದ ಅಂಚನ್ನು ನೋಡಿದವರಿಗೆ ಇಲಿ ಕಡಿದ ಹಳೆಯ ಕಾಗದಪತ್ರದ ನೆನಪಾಗದೆ ಇರದು. ಕಡಲು ಅಲ್ಲಲ್ಲಿ ನೆಲವನ್ನು ಸೀಳಿ ಒಳನುಗ್ಗಿ, ಬೆಟ್ಟಗಳ ನಡುವೆ ಎಷ್ಟೋ ದೂರ ಹಬ್ಬಿಕೊಂಡಿದೆ. ಈ ಸೀಳುಗಳಿಗೆ ಅಲ್ಲಿಯವರು ಫ್ಯೋರ್ಡ್ ಎನ್ನುತ್ತಾರೆ. ನಮ್ಮ ಭೂಗೋಳದ ಪುಸ್ತಕಗಳೂ ಅದೇ ಹೆಸರನ್ನು ಎರವಲು ಪಡೆದಿವೆ. ನದಿಯೆನ್ನೋಣವೆಂದರೆ ನೀರು ಉಪ್ಪು, ಸರೋವರವೆನ್ನೋಣವೆಂದರೆ ಉಬ್ಬರವಿಳಿತಗಳುಂಟು. ಹಿಮಯುಗಗಳಲ್ಲಿ ಆ ನಾಡಿನ ಮೇಲೆ ಮಲಗಿದ್ದ ಹಿಮನದಿಗಳು ಮೆಲ್ಲಮೆಲ್ಲನೆ ಜರುಗುತ್ತ, ಕಣಿವೆಗಳನ್ನು ಕಡಲಮಟ್ಟಕ್ಕಿಂತಲೂ ಆಳಕ್ಕೆ ಕೊರೆದುಬಿಟ್ಟವು. ಹಿಮ ಕರಗಿ ಹೋದ ಮೇಲೆ ಆ ಹಳ್ಳಗಳನ್ನು ಸಮುದ್ರ ಬಂದು ತುಂಬಿತು.

ಗೈರಾಂಗೆರ್ ಎಂಬುದು ಅಂಥ ಒಂದು ಫ್ಯೋರ್ಡಿನ ಕಟ್ಟಕಡೆಯಲ್ಲಿರುವ ಹಳ್ಳಿ. ತೆರೆದ ಕಡಲು ಅಲ್ಲಿಂದ ಸುಮಾರು 100 ಕಿಲೋಮೀಟರ್ ದೂರ. ಆದರೂ ಏಳೆಂಟು ಅಂತಸ್ತಿನ ಮಹಲುಗಳಂತಿರುವ ಹಡಗುಗಳು ಊರ ಬಾಗಿಲಿಗೇ ಬಂದು ನಿಲ್ಲುತ್ತವೆ. ದಡದ ಬಳಿಯೂ ನೀರು ಅಷ್ಟು ಆಳ. ವರ್ಷವಿಡೀ ಅಲ್ಲಿ ನೆಲೆಸಿರುವವರು ಇನ್ನೂರು ಚಿಲ್ಲರೆ ಮಂದಿ. ಬೇಸಗೆಯ ಒಂದೊಂದು ದಿನ ಹಡಗುಗಳಿಂದ ಇಳಿಯುವವರು ಸಾವಿರಾರು. ನಾವೂ ಜೂನ್ ತಿಂಗಳಿನಲ್ಲಿ ಅಂಥ ಸಾವಿರಾರು ಜನರಲ್ಲಿ ಇಬ್ಬರಾಗಿ ಹೋದೆವು.

ಆ ತಿಂಗಳಲ್ಲಿ ಅಲ್ಲಿ ರಾತ್ರಿಯೆಂಬುದು ಹೆಸರಿಗಷ್ಟೆ. ಹೊತ್ತಿಗೆ ಮುಂಚೆ ಎದ್ದು ಹಡಗಿನ ಮೇಲಟ್ಟಕ್ಕೆ ಹೋದರೆ ಅಷ್ಟರಲ್ಲಾಗಲೇ ಕಟಕಟೆಯುದ್ದಕ್ಕೂ ಜನ. ಹಡಗು ದೊಡ್ಡ ಫ್ಯೋರ್ಡನ್ನು ಬಿಟ್ಟು ಎಡಕ್ಕೆ ತಿರುಗಿತು. ಅಲ್ಲಿಂದ ಮುಂದಿನ 15 ಕಿಲೋಮೀಟರೇ ಗೈರಾಂಗೆರ್ ಫ್ಯೋರ್ಡ್. ಎರಡು ಬದಿಯಲ್ಲೂ ನೀರಿನಿಂದಲೇ ನೆಟ್ಟಗೆ ಎದ್ದ ಬೆಟ್ಟಗಳು; ಮೇಲೆ ಹಿಮ, ಕೆಳಗೆ ಹಸುರು, ನಡುವೆ ಬಂಡೆ. ಎಡಗಡೆ ಏಳು ಧಾರೆಗಳಾಗಿ ಧುಮುಕುವ ಜಲಪಾತಕ್ಕೆ ‘ಏಳು ಅಕ್ಕತಂಗಿಯರು’ ಎಂದು ಹೆಸರು. ಅವರಲ್ಲಿ ಎಲ್ಲರಿಗಿಂತ ಎತ್ತರದವಳು 250 ಮೀಟರ್ ನೇರವಾಗಿ ಬೀಳುತ್ತಾಳೆ. ಎದುರು ದಡದಲ್ಲಿ ಒಂಟಿಯಾಗಿ ಸುರಿಯುವವನು ‘ವರ’. ಏಳು ಮಂದಿಯನ್ನೂ ಕೇಳಿ, ಏಳು ಮಂದಿಯಿಂದಲೂ ಒಲ್ಲೆನೆನಿಸಿಕೊಂಡು, ಕೊನೆಗೆ ಕುಡಿತಕ್ಕೆ ಬಿದ್ದನಂತೆ. ಅವನ ಧಾರೆಯ ನಡುವೆ ಸೀಸೆಯ ಆಕಾರ ಕಾಣುತ್ತದೆಂದು ತೋರಿಸುತ್ತಾರೆ. ತೋರಿಸಿದ ಮೇಲೆ ಕಾಣದೆ ಉಂಟೆ?

ಎಲ್ಲರೂ ಆ ಕಡೆಗೆ ಕ್ಯಾಮೆರಾ ಹಿಡಿದು ನಿಂತಿದ್ದಾಗ ನನ್ನಾಕೆ ಮಾತ್ರ ಬಲಗಡೆಯ ಬೆಟ್ಟವನ್ನು ನೋಡುತ್ತಿದ್ದಳು. “ಅಲ್ಲಿ ನೋಡಿ, ಮನೆ!” ಎಂದಳು. ನಿಜ. ನೀರಿನಿಂದ 250 ಮೀಟರ್ ಮೇಲೆ, ಗೋಡೆಗೆ ಹೊಡೆದ ಗೂಡಿನಂಥ ಒಂದು ಹಸುರು ಚಾಚಿನ ಮೇಲೆ, ಎರಡು ಮೂರು ಮರದ ಮನೆಗಳು. ದಾರಿ ಎಲ್ಲಿಯೆಂದು ಕಣ್ಣಿಗೆ ಕಾಣದು. ಸ್ವಲ್ಪ ಹೊತ್ತಿನ ಮೇಲೆ ಅವಳೇ, “ಅಲ್ಲಾ, ಅಲ್ಲಿಗೆ ಸೂಲಗಿತ್ತಿ ಹೇಗೆ ಹತ್ತಿ ಬರುತ್ತಿದ್ದಳೋ!” ಎಂದಳು. ಜಲಪಾತದ ವರ್ಣನೆಗೆ ತೊಡಗಿದ್ದ ನಾನು ಸುಮ್ಮನಾದೆ.

ಆ ಮನೆಯ ಹೆಸರು ಸ್ಕಾಗೆಫ್ಲೋ. ಮೇಕೆ ಸಾಕಿ ಬದುಕಿದ ಒಕ್ಕಲುಗಳ ನೆಲೆ. ದಡದಿಂದ ಬರುವ ಕಡಿದಾದ ಹಾದಿಯಲ್ಲಿ ಒಂದು ಕಡೆ ಏಣಿಯಿತ್ತಂತೆ. ಕಂದಾಯದವರು ಬರುವ ಸುದ್ದಿ ತಿಳಿದರೆ ಏಣಿಯನ್ನು ಮೇಲಕ್ಕೆ ಎಳೆದುಕೊಳ್ಳುತ್ತಿದ್ದರಂತೆ. ಅಂಗಳದಿಂದ ಉರುಳದಂತೆ ಚಿಕ್ಕ ಮಕ್ಕಳಿಗೆ ಹಗ್ಗ ಕಟ್ಟುತ್ತಿದ್ದರೆಂದೂ ಹೇಳುತ್ತಾರೆ. ಏಣಿಯ ಕಥೆಗೆ ಎಲ್ಲರೂ ನಗುತ್ತಾರೆ. ಹಗ್ಗದ ಕಥೆಗೆ ತಾಯಂದಿರು ಯಾರೂ ನಗಲಿಲ್ಲ. 1916ರಲ್ಲಿ ಕೊನೆಯ ಒಕ್ಕಲೂ ಇಳಿದುಹೋಯಿತು. ಎದುರು ದಡದಲ್ಲಿ, ಅಕ್ಕತಂಗಿಯರ ಪಕ್ಕದಲ್ಲೇ ಇರುವ ಕ್ನೀವ್ಸ್‌ಫ್ಲೋ ಅದಕ್ಕೂ ಮೊದಲೇ, 19ನೆಯ ಶತಮಾನದ ಕೊನೆಯಲ್ಲಿ, ಬರಿದಾಗಿತ್ತು. ಅಲ್ಲಿಯವರನ್ನು ಎಬ್ಬಿಸಿದ್ದು ಬಡತನವಲ್ಲ, ತಲೆಯ ಮೇಲೆ ತೂಗುತ್ತಿದ್ದ ಬಂಡೆಯ ಭಯ.

ಆ ಭಯ ಸುಳ್ಳಲ್ಲ. ಇದೇ ನೀರಿನ ಇನ್ನೊಂದು ಕವಲಾದ ತಾಫ್ಯೋರ್ಡಿನಲ್ಲಿ 1934ರ ಏಪ್ರಿಲ್ 7ರಂದು ನಸುಕಿಗೆ ಮುಂಚೆ ಬೆಟ್ಟದ ಒಂದು ಭಾಗ ಕಳಚಿ ನೀರಿಗೆ ಬಿತ್ತು. ಎದ್ದ ಅಲೆ 60 ಮೀಟರಿಗೂ ಎತ್ತರಕ್ಕೆ ಅಪ್ಪಳಿಸಿತು. ನಿದ್ರೆಯಲ್ಲಿದ್ದ ಹಳ್ಳಿಗಳಲ್ಲಿ 40 ಮಂದಿ ಸತ್ತರು. ಗೈರಾಂಗೆರಿಗೆ ಹೋಗುವ ಪ್ರತಿಯೊಂದು ಹಡಗೂ ಓಕರ್ನೆಸೆಟ್ ಎಂಬ ಬೆಟ್ಟದ ಕೆಳಗೇ ಹಾದುಹೋಗುತ್ತದೆ. ಆ ಬೆಟ್ಟದ ಮೈಯಲ್ಲಿ ಅರ್ಧ ಕಿಲೋಮೀಟರಿಗೂ ಉದ್ದವಾದ ಬಿರುಕಿದೆ. ಅದು ವರ್ಷಕ್ಕೆ ಕೆಲವು ಸೆಂಟಿಮೀಟರಿನಂತೆ ಅಗಲವಾಗುತ್ತಿದೆ. ಭೂಗರ್ಭಶಾಸ್ತ್ರಜ್ಞರು ಯಂತ್ರಗಳನ್ನು ನೆಟ್ಟು ಹಗಲಿರುಳೂ ಅದನ್ನು ಕಾಯುತ್ತಿದ್ದಾರೆ. ಬೀಳುವ ಮುನ್ನ ಬಿರುಕಿನ ವೇಗ ಹೆಚ್ಚುತ್ತದೆ, ಆಗ ಊರನ್ನು ತೆರವು ಮಾಡಿಸಲು ಸಮಯ ದೊರೆಯುತ್ತದೆ ಎಂಬುದು ಅವರ ಭರವಸೆ. ಇದನ್ನೇ ಕಥೆಯಾಗಿಸಿ 2015ರಲ್ಲಿ ನಾರ್ವೆಯವರು ‘ಅಲೆ’ ಎಂಬ ಚಲನಚಿತ್ರವನ್ನೂ ತೆಗೆದರು.

ಹಾಗಿದ್ದೂ ಊರಿನವರು ಊರನ್ನು ಬಿಟ್ಟಿಲ್ಲ. ಅಷ್ಟಭುಜಾಕೃತಿಯ ಪುಟ್ಟ ಮರದ ಇಗರ್ಜಿಯನ್ನು 1842ರಲ್ಲಿ ಕಟ್ಟಿದರು. ಅದು ಇನ್ನೂ ಇಳಿಜಾರಿನಲ್ಲಿ ನಿಂತಿದೆ. ಬೆಟ್ಟವನ್ನು ಹತ್ತಿ ದಕ್ಷಿಣಕ್ಕೆ ಹೋಗುವ ರಸ್ತೆ 1889ರಲ್ಲಾಯಿತು, ಆದರೆ ಚಳಿಗಾಲದಲ್ಲಿ ಅದನ್ನು ಹಿಮ ಮುಚ್ಚಿಬಿಡುತ್ತದೆ. ಹನ್ನೊಂದು ತಿರುವುಗಳ ‘ಹದ್ದಿನ ದಾರಿ’ 1955ರಲ್ಲಿ ತೆರೆಯುವವರೆಗೂ ಚಳಿಗಾಲವಿಡೀ ದೋಣಿಯೇ ಗತಿ. ಇಂಥ ಊರಿಗೆ ಅನ್ನ ತಂದದ್ದು ಪ್ರವಾಸಿಗಳ ಹಡಗು. ಮೊದಲನೆಯದು ಬಂದದ್ದು 1869ರಲ್ಲಿ. ಜರ್ಮನಿಯ ಚಕ್ರವರ್ತಿ ಎರಡನೆಯ ವಿಲ್ಹೆಲ್ಮ್ ಮತ್ತೆ ಮತ್ತೆ ಬಂದು ಈ ಕಣಿವೆಯ ಕೀರ್ತಿಯನ್ನು ಹೆಚ್ಚಿಸಿದ. 2005ರಲ್ಲಿ ಯುನೆಸ್ಕೋ ಸಂಸ್ಥೆ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಅನ್ನ ತಂದ ಹಡಗೇ ಹೊಗೆಯನ್ನೂ ತಂದಿತು. ಬೆಟ್ಟಗಳ ನಡುವಿನ ಆ ಇಕ್ಕಟ್ಟಿನಲ್ಲಿ ಗಾಳಿ ಅಲುಗದ ದಿನ ಹಡಗುಗಳ ಹೊಗೆ ಮೇಲೇಳಲಾರದೆ, ನೀಲಿ ಪರದೆಯಂತೆ ಹಳ್ಳಿಯ ಮೇಲೇ ತೂಗಾಡುತ್ತದೆ. ನಿರ್ಮಲವಾದ ಗಾಳಿಯನ್ನು ಸೇವಿಸಲು ಬಂದವರೇ ಅದನ್ನು ಕೆಡಿಸಿ ಹೋಗುವುದು ಎಲ್ಲಿಯ ನ್ಯಾಯ? ನಾರ್ವೆಯ ಸಂಸತ್ತು 2018ರಲ್ಲಿ ಒಂದು ನಿರ್ಣಯ ಮಾಡಿತು: ತಡವೆಂದರೂ 2026ರೊಳಗೆ ಈ ಫ್ಯೋರ್ಡುಗಳಿಗೆ ಹೊಗೆಯುಗುಳುವ ಹಡಗು ಬರಕೂಡದು. ಆಮೇಲೆ ಸರ್ಕಾರ ಈ ಮಾತನ್ನು ಸ್ವಲ್ಪ ಸಡಿಲಿಸಿತು. 10,000 ಟನ್ನಿಗಿಂತ ಚಿಕ್ಕ ಪ್ರಯಾಣಿಕ ಹಡಗುಗಳಿಗೆ 2026ರ ಜನವರಿ 1 ಎಂದೂ, ಅದಕ್ಕಿಂತ ದೊಡ್ಡವುಗಳಿಗೆ 2032 ಎಂದೂ ಗಡುವು ಗೊತ್ತುಮಾಡಿತು. ಹೆಚ್ಚು ಹೊಗೆ ಬಿಡುವ ದೊಡ್ಡವರಿಗೇ ಹೆಚ್ಚು ಕಾಲಾವಕಾಶ ದೊರೆತದ್ದು ನನಗೆ ಅಷ್ಟು ಹಿಡಿಸಲಿಲ್ಲ. ಆದರೆ ಬೇಸಗೆಯ ನಾಲ್ಕು ತಿಂಗಳ ಸಂಪಾದನೆಯಿಂದ ವರ್ಷವನ್ನು ನೂಕಬೇಕಾದ ಅಂಗಡಿಯವನ ಮಗ್ಗುಲಲ್ಲಿ ನಿಂತು ನೋಡಿದರೆ ಆ ಆರು ವರ್ಷಗಳ ಬೆಲೆ ಬೇರೆ. ಹೊಗೆಯಿಲ್ಲದ ದೊಡ್ಡ ಹಡಗು ಹೇಳಿದ ಹೊತ್ತಿಗೆ ಸಿದ್ಧವಾಗದಿದ್ದರೆ ಹಡಗಿನವರು ಬೇರೆ ಫ್ಯೋರ್ಡನ್ನು ಹುಡುಕಿಕೊಂಡಾರು. ಅಂಗಡಿಯವನು ಎಲ್ಲಿಗೆ ಹೋದಾನು?

ಬರಿದಾದ ಆ ಬೆಟ್ಟದ ಮನೆಗಳು ಇಂದಿಗೂ ನಿಂತಿರುವುದಕ್ಕೆ ಕಾರಣರಾದವರನ್ನು ಇಲ್ಲಿ ನೆನೆಯಬೇಕು. 1975ರಲ್ಲಿ ‘ಸ್ಟೂರ್‌ಫ್ಯೋರ್ಡಿನ ಗೆಳೆಯರು’ ಎಂಬ ಸಂಘ ಹುಟ್ಟಿತು. ಅದರ ಸದಸ್ಯರು ಹಲಗೆ, ಮೊಳೆ, ಹೆಂಚುಗಳನ್ನು ಹೊತ್ತು ಹತ್ತಿ ಸೂರುಗಳನ್ನು ರಿಪೇರಿ ಮಾಡುತ್ತ ಬಂದರು. 1993ರಲ್ಲಿ ದೊರೆ ಹರಾಲ್ಡ್ ಮತ್ತು ರಾಣಿ ಸೋನ್ಯಾ ತಮ್ಮ ವಿವಾಹದ ಬೆಳ್ಳಿಹಬ್ಬವನ್ನು ಸ್ಕಾಗೆಫ್ಲೋದ ಅಂಗಳದಲ್ಲೇ ಆಚರಿಸಿಕೊಂಡರು. ಅರಮನೆಯಿರುವವರಿಗೂ ಆ ಅಟ್ಟದ ಮನೆ ಬೇಕೆನಿಸಿದ್ದು ಸೋಜಿಗ!

ವಾಚಕರಲ್ಲಿ ಯಾರಾದರೂ ಅತ್ತ ಹೊರಟಿದ್ದರೆ ನನ್ನದೊಂದು ಸಲಹೆ. ಹಡಗು ನಿಲ್ಲುವ ಆ ಕೆಲವು ಗಂಟೆಗಳನ್ನು ಉಣ್ಣೆಯ ಟೋಪಿ, ಗೊಂಬೆಗಳ ಅಂಗಡಿಗಳಲ್ಲಿ ಕಳೆಯಬೇಡಿ. ಚಿಕ್ಕ ದೋಣಿಯವರು ಸ್ಕಾಗೆಫ್ಲೋದ ಬುಡದಲ್ಲಿ ಇಳಿಸುತ್ತಾರೆ. ಹಾದಿ ಬಹಳ ಕಡಿದು; ಮಳೆ ಬಂದಿದ್ದರೆ ಜಾರುತ್ತದೆ; ಕಾಲಿಗೆ ಗಟ್ಟಿಯಾದ ಬೂಟು ಬೇಕು, ಮಂಡಿನೋವಿನವರು ಆಸೆ ಬಿಡಬೇಕು. ನನ್ನಾಕೆ ಸೆರಗು ಸಿಕ್ಕಿಸಿ ನನಗಿಂತ ಮುಂದೆಯೇ ಹತ್ತಿ ಮನೆಯ ಕಲ್ಲಿನ ಮೆಟ್ಟಿಲ ಮೇಲೆ ಕುಳಿತಿದ್ದಳು. ಜೂನ್ ತಿಂಗಳಿನಲ್ಲೇ ಹೋದರೆ ಒಳ್ಳೆಯದು. ಬೆಟ್ಟದ ಮೇಲಿನ ಹಿಮ ಕರಗಿ ಮುಗಿದು ಬೇಸಗೆ ಕಳೆಯುತ್ತ ಬಂದಾಗ ಅಕ್ಕತಂಗಿಯರಲ್ಲಿ ಮೂವರೋ ನಾಲ್ವರೋ ಮಾತ್ರ ಉಳಿದಿರುತ್ತಾರೆ.